ಒಂದು ಯೂನಿಟ್ ಅಂದ್ರೆ ಎಷ್ಟು?

ಕರೆಂಟ್ ಬಿಲ್ಲಿನಲ್ಲಿ 140 ಯೂನಿಟ್. ಡೆಂಗಿ ಸೀಸನ್‌ನಲ್ಲಿ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಬರುವ ಮೆಸೇಜಿನಲ್ಲಿ ‘ಅರ್ಜೆಂಟಾಗಿ 4 ಯೂನಿಟ್ ಪ್ಲೇಟ್‌ಲೆಟ್ ಬೇಕು’. ಅಜ್ಜಿಯ ಇನ್ಸುಲಿನ್ ಚೀಟಿಯಲ್ಲಿ ಬೆಳಿಗ್ಗೆ 20 ಯೂನಿಟ್, ರಾತ್ರಿ 12. ಮ್ಯೂಚುವಲ್ ಫಂಡ್ ಸ್ಟೇಟ್‌ಮೆಂಟಿನಲ್ಲಿ 312.457 ಯೂನಿಟ್. ಸರ್ಜಾಪುರ ರಸ್ತೆಯ ಹೋರ್ಡಿಂಗಿನಲ್ಲಿ ‘ಕೆಲವೇ ಯೂನಿಟ್‌ಗಳು ಉಳಿದಿವೆ’. ಪೀಣ್ಯದಲ್ಲಿ ಕೆಲಸ ಮಾಡುವವರನ್ನು ಎಲ್ಲಿ ಅಂತ ಕೇಳಿದರೆ ‘ಎರಡನೇ ಯೂನಿಟ್‌ನಲ್ಲಿ’. ಗಾಂಧಿನಗರದ ಕಡೆಯವರು ಫೋನಿನಲ್ಲಿ ‘ಯೂನಿಟ್ ಇನ್ನೂ ಬಂದಿಲ್ಲ ಕಣ್ರೀ, ಶೂಟಿಂಗ್ ಎಲ್ಲಿಂದ ಶುರು ಮಾಡೋದು’ ಅಂತಿರುತ್ತಾರೆ.

ಇಷ್ಟೂ ಕಡೆ ಪದ ಒಂದೇ. ಅಳತೆ ಮಾತ್ರ ಒಂದೂ ಒಂದೇ ಅಲ್ಲ.

ಯೂನಿಟ್ ಅಂದರೆ ಮೂಲದಲ್ಲಿ ‘ಒಂದು’, ಅಷ್ಟೇ. ಯಾವುದನ್ನು ‘ಒಂದು’ ಅಂತ ಎಣಿಸಬೇಕು ಅನ್ನುವುದನ್ನು ಆಯಾ ಕೆಲಸದವರು ತಮ್ಮ ತಮ್ಮಲ್ಲೇ ತೀರ್ಮಾನ ಮಾಡಿಕೊಂಡಿದ್ದಾರೆ. ಕರೆಂಟಿನವರ ‘ಒಂದು’ ಬೇರೆ, ರಕ್ತನಿಧಿಯವರ ‘ಒಂದು’ ಬೇರೆ. ನಮ್ಮ ಸೇರೂ ಹಾಗೇ ಇತ್ತು. ಊರು ದಾಟಿದರೆ ಸೇರಿನ ಅಳತೆ ಬೇರೆ, ಕೆಲವು ಕಡೆ ಅದು ತೂಕ, ಕೆಲವು ಕಡೆ ಪಾತ್ರೆಯ ಅಳತೆ. 1956ರಲ್ಲಿ ಕಾಯ್ದೆ ತಂದು, 1958ರಿಂದ ಹಂತ ಹಂತವಾಗಿ ಕಿಲೋ, ಲೀಟರ್, ಮೀಟರ್ ಜಾರಿ ಮಾಡಿದ ಮೇಲೆ ಆ ಗಲಾಟೆ ಕಡಿಮೆಯಾಯಿತು. ಆದರೆ ಯೂನಿಟ್ ಅನ್ನುವುದು ಕಾಯ್ದೆಯ ಬಲೆಗೆ ಸಿಗುವ ಪದ ಅಲ್ಲ. ಅದರ ಹಿಂದೆ ‘ಯಾವುದರದ್ದು?’ ಅನ್ನುವ ಪ್ರಶ್ನೆ ಯಾವಾಗಲೂ ಇರುತ್ತದೆ. ಕೆಲವು ಕಡೆ ಆ ಪ್ರಶ್ನೆ ಕೇಳದಿದ್ದರೆ ನೂರಿನ್ನೂರು ರೂಪಾಯಿ ಹೋಗುತ್ತದೆ, ಇನ್ನು ಕೆಲವು ಕಡೆ ಜೀವಕ್ಕೇ ಕುತ್ತು ಬರುತ್ತದೆ.

ಎಲ್ಲರಿಗೂ ಗೊತ್ತಿರುವ ಕರೆಂಟ್ ಯೂನಿಟ್‌ನಿಂದ ಶುರು ಮಾಡೋಣ. ಇದು ಒಂದು ಕಿಲೋವ್ಯಾಟ್-ಗಂಟೆ. 1000 ವ್ಯಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಬ್ರಿಟನ್‌ನಲ್ಲಿ ಇದನ್ನು ‘ಬೋರ್ಡ್ ಆಫ್ ಟ್ರೇಡ್ ಯೂನಿಟ್’ ಅಂತ ಕರೆಯುತ್ತಿದ್ದರು. ಶಿವನಸಮುದ್ರದ ಕರೆಂಟಿನಿಂದ 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿ ದೀಪ ಹತ್ತಿದ್ದು ಅದೇ ಬ್ರಿಟಿಷರ ಕಾಲದಲ್ಲಿ. ಉದ್ದದ ಹೆಸರು ಯಾರಿಗೂ ಬೇಕಿಲ್ಲವಾಗಿ ಕೊನೆಯ ಪದ ಮಾತ್ರ ಉಳಿಯಿತು.

ಇಲ್ಲಿ ಜಾಸ್ತಿ ಜನ ಎಡವುವುದು ವ್ಯಾಟ್‌ಗೂ ಯೂನಿಟ್‌ಗೂ ಇರುವ ವ್ಯತ್ಯಾಸದಲ್ಲಿ. ವ್ಯಾಟ್ ಅಂದರೆ ಆ ಕ್ಷಣಕ್ಕೆ ಎಷ್ಟು ಜೋರಾಗಿ ಕರೆಂಟ್ ಎಳೆಯುತ್ತಿದೆ ಅನ್ನುವುದು. ಯೂನಿಟ್ ಅಂದರೆ ಒಟ್ಟು ಎಷ್ಟು ಖರ್ಚಾಯಿತು ಅನ್ನುವುದು. ನಲ್ಲಿಯಲ್ಲಿ ನೀರು ಎಷ್ಟು ರಭಸವಾಗಿ ಬರುತ್ತಿದೆ ಅನ್ನುವುದು ಒಂದು, ಬಕೆಟ್ಟಿನಲ್ಲಿ ಎಷ್ಟು ತುಂಬಿತು ಅನ್ನುವುದು ಇನ್ನೊಂದು, ಅಲ್ವಾ? 2000 ವ್ಯಾಟ್‌ನ ಗೀಸರ್ ನೋಡಿ ಹೆದರುತ್ತೇವೆ, ಆದರೆ ಅದನ್ನು ಕಾಲು ಗಂಟೆ ಹಾಕಿದರೆ ಅರ್ಧ ಯೂನಿಟ್ ಮಾತ್ರ. 75 ವ್ಯಾಟ್‌ನ ಹಳೇ ಫ್ಯಾನ್ ಪಾಪದ್ದು ಅನ್ನಿಸುತ್ತದೆ, ಆದರೆ ದಿನವಿಡೀ ತಿರುಗಿದರೆ 1.8 ಯೂನಿಟ್. ಮೂರು ರೂಮಿನ ಮೂರು ಫ್ಯಾನ್ ಹಾಗೇ ಬಿಟ್ಟು ಆಫೀಸಿಗೆ ಹೋಗುವ ಮನೆಯವರು ಗೀಸರ್‌ನ ಮೇಲೆ ರೇಗುವುದರಲ್ಲಿ ಅರ್ಥವಿಲ್ಲ. 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ಒಂದು ಯೂನಿಟ್‌ನಲ್ಲಿ 111 ಗಂಟೆ ಉರಿಯುತ್ತದೆ. ಅದನ್ನು ಆರಿಸಲಿಲ್ಲ ಅಂತ ಮಕ್ಕಳಿಗೆ ಬೈಯುವುದು ಶಿಸ್ತಿಗೆ ಸರಿ, ಬಿಲ್ಲಿಗೆ ಅಲ್ಲ.

ಬಿಲ್ಲಿನಲ್ಲಿ ಎರಡೂ ಇರುತ್ತವೆ ನೋಡಿ. ನಿಗದಿತ ಶುಲ್ಕ ಅಂತ ಬರುವುದು ನಿಮಗೆ ಮಂಜೂರಾದ ಕಿಲೋವ್ಯಾಟ್ ಲೆಕ್ಕದಲ್ಲಿ. ಮನೆ ಬೀಗ ಹಾಕಿ ತಿಂಗಳು ಊರಿಗೆ ಹೋದರೂ ಅದು ಬೀಳುತ್ತದೆ. ಬಳಕೆ ಶುಲ್ಕ ಅಂತ ಬರುವುದು ಯೂನಿಟ್ ಲೆಕ್ಕದಲ್ಲಿ. ‘ನಾವು ಮನೆಯಲ್ಲೇ ಇರಲಿಲ್ಲ, ಬಿಲ್ ಹೇಗೆ ಬಂತು’ ಅಂತ ಮೀಟರ್ ರೀಡರ್ ಜೊತೆ ಜಗಳ ಆಡುವವರು ಈ ಎರಡು ಸಾಲನ್ನು ಬೇರೆ ಬೇರೆಯಾಗಿ ಓದಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಗೃಹಜ್ಯೋತಿಯ 200 ಯೂನಿಟ್ ಕೂಡ ಹೀಗೇ ಅಪಾರ್ಥಕ್ಕೆ ಸಿಕ್ಕಿದೆ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ 200 ಅನ್ನುವುದು ಮೇಲಿನ ಗೆರೆ, ಎಲ್ಲರಿಗೂ ಸಿಗುವ ಕೋಟಾ ಅಲ್ಲ. ನಿಮ್ಮ ಮನೆಯ ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ 10, ಇಷ್ಟು ಉಚಿತ ಅಂತ ಲೆಕ್ಕ ಹಾಕಿದರು. ತುಂಬಾ ಕಡಿಮೆ ಬಳಸುವವರಿಗೆ ಆಮೇಲೆ ಈ ಲೆಕ್ಕವನ್ನು ಸ್ವಲ್ಪ ಸಡಿಲ ಮಾಡಿದರು. ನಿಮ್ಮ ಲೆಕ್ಕಕ್ಕಿಂತ ಜಾಸ್ತಿ ಬಳಸಿ 200ರ ಒಳಗೇ ಇದ್ದರೆ ಹೆಚ್ಚಿನ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ ನಿಮ್ಮದೇ. ಅಂದರೆ 199 ಮತ್ತು 201ರ ನಡುವೆ ಇರುವುದು ಬರೀ ಎರಡು ಯೂನಿಟ್ ಅಲ್ಲ.

ಫ್ರಿಜ್‌ನ ಸ್ಟಾರ್ ಲೇಬಲ್ ಮೇಲೆ ‘ವರ್ಷಕ್ಕೆ ಇಷ್ಟು ಯೂನಿಟ್’ ಅಂತ ಬರೆದಿರುತ್ತಾರೆ. ಫ್ರಿಜ್ ವರ್ಷಪೂರ್ತಿ ಓಡುವುದರಿಂದ ಅದನ್ನು ನಂಬಬಹುದು. ಏಸಿಯ ಲೇಬಲ್ ಹಾಗಲ್ಲ. ಅದರ ಲೆಕ್ಕ ವರ್ಷಕ್ಕೆ 1600 ಗಂಟೆ ಓಡುತ್ತದೆ ಅನ್ನುವ ಅಂದಾಜಿನ ಮೇಲೆ ನಿಂತಿದೆ. ಬೆಂಗಳೂರಿನಲ್ಲಿ ಮಾರ್ಚ್‌ನಿಂದ ಮೇವರೆಗೆ ರಾತ್ರಿ ಒಂದಷ್ಟು ಹೊತ್ತು ಹಾಕುವ ಮನೆಗೆ ಆ ಸಂಖ್ಯೆ ಹೊಂದುವುದಿಲ್ಲ. ಅಷ್ಟು ಕಡಿಮೆ ಬಳಸುವವರು ಐದು ಸ್ಟಾರ್‌ಗೆ ಕೊಟ್ಟ ಹೆಚ್ಚಿನ ದುಡ್ಡು ವಾಪಸ್ ಬರಲು ಎಷ್ಟು ವರ್ಷ ಬೇಕು ಅಂತ ಅಂಗಡಿಯಲ್ಲೇ ಲೆಕ್ಕ ಹಾಕಿಬಿಡುವುದು ಒಳ್ಳೆಯದು. ಮಹಡಿ ಮೇಲೆ ಸೋಲಾರ್ ಹಾಕಿಸುವವರಿಗೆ ಒಂದು ಸುಲಭ ಅಂದಾಜು ಇದೆ: ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಸುಮಾರಿಗೆ ಕೊಡುತ್ತದೆ.

ಹಾಗೆ ನೋಡಿದರೆ ಕರೆಂಟಿನ ಯೂನಿಟ್ ಬಹಳ ನಿಯತ್ತಿನದು. ಬಸವನಗುಡಿಯಲ್ಲೂ ಒಂದೇ, ಬರ್ಲಿನ್‌ನಲ್ಲೂ ಒಂದೇ. ರಕ್ತಕ್ಕೆ ಬಂದರೆ ಈ ನಿಶ್ಚಿಂತೆ ಹೋಗುತ್ತದೆ.

ಒಂದು ಯೂನಿಟ್ ರಕ್ತ ಅಂದರೆ ಎಷ್ಟು? ನಮ್ಮಲ್ಲಿ ಎರಡು ಉತ್ತರ ಇದೆ, 350 ಮಿಲಿ ಅಥವಾ 450 ಮಿಲಿ. ದಾನಿಯ ತೂಕ 45 ಕೆಜಿ ದಾಟಿದ್ದರೆ 350, 55 ಕೆಜಿಗಿಂತ ಜಾಸ್ತಿ ಇದ್ದರೆ 450 ತೆಗೆಯಬಹುದು. ಚೀಲದೊಳಗೆ ರಕ್ತ ಹೆಪ್ಪುಗಟ್ಟದಂತೆ ಮೊದಲೇ ಒಂದು ದ್ರಾವಣ ಹಾಕಿರುತ್ತಾರೆ, ಚಿಕ್ಕ ಚೀಲದಲ್ಲಿ 49 ಮಿಲಿ, ದೊಡ್ಡದರಲ್ಲಿ 63 ಮಿಲಿ. ಹಾಗಾಗಿ ಇಲ್ಲಿ ಯೂನಿಟ್ ಅಂದರೆ ‘ಒಬ್ಬ ದಾನಿಯಿಂದ ಒಂದು ಸಲಕ್ಕೆ ತೆಗೆದ ಒಂದು ಚೀಲ’ ಅಂತ ಅಷ್ಟೇ. ಆಮೇಲೆ ಆ ಚೀಲವನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಅಂತ ಬೇರೆ ಮಾಡುತ್ತಾರೆ. ಒಂದು ಯೂನಿಟ್ ಕೊಟ್ಟಿದ್ದು ಮೂರು ಯೂನಿಟ್ ಆಗಿ ಮೂರು ಜನಕ್ಕೆ ಹೋಗಬಹುದು. ದೊಡ್ಡವರಿಗೆ ಒಂದು ಯೂನಿಟ್ ಕೆಂಪು ಕಣ ಹಾಕಿದರೆ ಹಿಮೋಗ್ಲೋಬಿನ್ ಹೆಚ್ಚುಕಡಿಮೆ 1 ಗ್ರಾಂ ಏರುತ್ತದೆ ಅನ್ನುವುದು ವೈದ್ಯರ ರೂಢಿ ಲೆಕ್ಕ. 7 ಇದ್ದವರಿಗೆ ಎರಡು ಯೂನಿಟ್ ಹಾಕಿದರೂ 9ರ ಆಸುಪಾಸಿಗೆ ಬರುವುದು ಅದಕ್ಕೇ.

ಗೊಂದಲ ಜಾಸ್ತಿ ಇರುವುದು ಪ್ಲೇಟ್‌ಲೆಟ್‌ನಲ್ಲಿ. ಮಳೆಗಾಲ ಬಂತು, ಡೆಂಗಿ ಬಂತು, ಮೊಬೈಲ್ ತುಂಬ ‘ಪ್ಲೇಟ್‌ಲೆಟ್ ಬೇಕು’ ಮೆಸೇಜು. ಆ ಮೆಸೇಜಿನಲ್ಲಿ ಮೂರು ಅಕ್ಷರ ಬಿಟ್ಟುಹೋಗಿರುತ್ತದೆ: ಆರ್‌ಡಿಪಿಯಾ, ಎಸ್‌ಡಿಪಿಯಾ? ಆರ್‌ಡಿಪಿ ಅಂದರೆ ಮಾಮೂಲಿ ರಕ್ತದಾನದ ಒಂದು ಚೀಲದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್, 50ರಿಂದ 70 ಮಿಲಿ. ಎಸ್‌ಡಿಪಿ ಅಂದರೆ ಒಬ್ಬನೇ ದಾನಿಯನ್ನು ಯಂತ್ರಕ್ಕೆ ಜೋಡಿಸಿ, ಒಂದು ಗಂಟೆಗೂ ಹೆಚ್ಚು ಹೊತ್ತು ಕೂರಿಸಿ, ಪ್ಲೇಟ್‌ಲೆಟ್ ಮಾತ್ರ ತೆಗೆದುಕೊಂಡು ಉಳಿದ ರಕ್ತವನ್ನು ಅವನಿಗೇ ವಾಪಸ್ ಬಿಡುವುದು. ಒಂದು ಎಸ್‌ಡಿಪಿ ಸುಮಾರು ಆರು ಆರ್‌ಡಿಪಿಗೆ ಸಮ. ಒಂದು ಆರ್‌ಡಿಪಿ ಯೂನಿಟ್‌ಗೆ ಕೌಂಟ್ 5,000ದಿಂದ 10,000 ಏರಬಹುದು, ಒಂದು ಎಸ್‌ಡಿಪಿಗೆ 30,000ದಿಂದ 50,000. ಡೆಂಗಿ ಜೋರಾಗಿರುವಾಗ ಅಷ್ಟೂ ಏರುವುದಿಲ್ಲ ಅನ್ನಿ. ಈಗ ‘4 ಯೂನಿಟ್ ಪ್ಲೇಟ್‌ಲೆಟ್’ ಅಂತ ಓದಿದಾಗ, ಅದು ನಾಲ್ಕು ಚಿಕ್ಕ ಚೀಲವೋ ನಾಲ್ಕು ದೊಡ್ಡ ಚೀಲವೋ ಯಾರಿಗೆ ಗೊತ್ತು? ಒಂದಕ್ಕೆ ರಕ್ತನಿಧಿಯಲ್ಲಿ ಇರುವ ಸ್ಟಾಕ್ ಸಾಕಾಗಬಹುದು. ಇನ್ನೊಂದಕ್ಕೆ ನಾಲ್ಕು ಜನ ದಾನಿಗಳು ಬಂದು ಮೊದಲು ಪರೀಕ್ಷೆ ಮಾಡಿಸಿಕೊಂಡು, ಆಮೇಲೆ ತಲಾ ಒಂದೂವರೆ ಗಂಟೆ ಸೂಜಿ ಚುಚ್ಚಿಸಿಕೊಂಡು ಕೂರಬೇಕು. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳಲು ಆಗುವುದಿಲ್ಲ, ಅದಕ್ಕೇ ಈ ಓಡಾಟ. ಅದೂ ಅಲ್ಲದೆ ಕೌಂಟ್ 40,000ಕ್ಕೆ ಇಳಿಯಿತು ಅಂತ ಮನೆಯವರು ಹೆದರಿ ದಾನಿಗಳನ್ನು ಹುಡುಕಲು ಶುರು ಮಾಡುತ್ತಾರೆ. ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ 10,000ಕ್ಕಿಂತ ಕೆಳಗೆ ಹೋದಾಗ ಮಾತ್ರ ವೈದ್ಯರು ಪ್ಲೇಟ್‌ಲೆಟ್ ಹಾಕುವ ಯೋಚನೆ ಮಾಡುತ್ತಾರೆ. ಮೆಸೇಜ್ ಮುಂದಕ್ಕೆ ಕಳಿಸುವ ಮೊದಲು ‘ಆರ್‌ಡಿಪಿನಾ, ಎಸ್‌ಡಿಪಿನಾ, ಡಾಕ್ಟರು ಕೇಳಿದ್ದಾರಾ’ ಅಂತ ಒಂದು ಫೋನ್ ಮಾಡಿ ಕೇಳಿ. ಹತ್ತು ಗ್ರೂಪಿಗೆ ಕಳಿಸುವುದಕ್ಕಿಂತ ಅದೇ ದೊಡ್ಡ ಸಹಾಯ.

ಇನ್ನು ಇನ್ಸುಲಿನ್. ಈ ಲೇಖನದಲ್ಲಿ ಒಂದೇ ಒಂದು ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಔಷಧಿಯನ್ನು ಮಿಲಿಗ್ರಾಂನಲ್ಲಿ ಅಳೆಯುವಾಗ ಇನ್ಸುಲಿನ್ನಿಗೆ ಯಾಕೆ ಯೂನಿಟ್? 1921ರಲ್ಲಿ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ತೆಗೆದಾಗ ಅದು ಶುದ್ಧ ರೂಪದಲ್ಲಿ ಇರಲಿಲ್ಲ. ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ರಸ, ಒಂದು ಸಲ ಗಟ್ಟಿ, ಒಂದು ಸಲ ತೆಳು. ತೂಕ ಮಾಡಿ ಪ್ರಯೋಜನ ಇರಲಿಲ್ಲ. ಆದ್ದರಿಂದ ಅದು ಮಾಡುವ ಕೆಲಸವನ್ನೇ ಅಳತೆ ಮಾಡಿದರು. ಒಂದು ದಿನ ಉಪವಾಸ ಕೆಡವಿದ, ಸುಮಾರು 2 ಕೆಜಿ ತೂಕದ ಮೊಲದ ರಕ್ತದ ಸಕ್ಕರೆಯನ್ನು 45 ಮಿಲಿಗ್ರಾಂ ಮಟ್ಟಕ್ಕೆ ಇಳಿಸಲು ಎಷ್ಟು ಬೇಕೋ ಅಷ್ಟು ಒಂದು ಯೂನಿಟ್ ಅಂದರು. ರೋಗಿಗಳಿಗೆ ಅದು ತೀರಾ ದೊಡ್ಡ ಅಳತೆಯಾಯಿತು ಅಂತ ಆಮೇಲೆ ಮೂರನೇ ಒಂದು ಭಾಗಕ್ಕೆ ಇಳಿಸಿದರು. ಈಗ ಶುದ್ಧ ಇನ್ಸುಲಿನ್ ಸಿಗುತ್ತದೆ, ಒಂದು ಯೂನಿಟ್ ಅಂದರೆ 0.0347 ಮಿಲಿಗ್ರಾಂ ಅಂತ ಗೊತ್ತಾಗಿದೆ, ಆದರೂ ಲೋಕವೆಲ್ಲ ಯೂನಿಟ್‌ನಲ್ಲೇ ಉಳಿದಿದೆ. ಇಷ್ಟು ಚಿಕ್ಕ ದಶಮಾಂಶವನ್ನು ಚೀಟಿಯಲ್ಲಿ ಬರೆದು ಅದನ್ನು ಅಜ್ಜಿ ಓದಬೇಕು ಅಂದರೆ ಕಷ್ಟ ತಾನೇ?

ತೊಂದರೆ ಇರುವುದು ಯೂನಿಟ್‌ನಲ್ಲಿ ಅಲ್ಲ, ಸಿರಿಂಜಿನಲ್ಲಿ. ನಮ್ಮಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳಲ್ಲಿ ಹೆಚ್ಚಿನವು 1 ಮಿಲಿಗೆ 40 ಯೂನಿಟ್ ಇರುವಂಥವು. ಪೆನ್ನಿಗೆ ಹಾಕುವ ಕಾರ್ಟ್ರಿಜ್‌ಗಳು 1 ಮಿಲಿಗೆ 100 ಯೂನಿಟ್. 100 ಯೂನಿಟ್‌ನ ಬಾಟಲಿಗಳೂ ಉಂಟು. ಸಿರಿಂಜಿನಲ್ಲೂ ಎರಡು ಬಗೆ: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಬಣ್ಣದ ಮುಚ್ಚಳದ್ದು 100ಕ್ಕೆ. ಸಿರಿಂಜಿನ ಮೇಲಿನ ಗೆರೆಗಳು ಮಿಲಿ ಅಲ್ಲ, ಯೂನಿಟ್. ಅಂದರೆ ಆ ಗೆರೆಗೆ ಅರ್ಥ ಬರುವುದು ಜೊತೆಗೆ ಸರಿಯಾದ ಬಾಟಲಿ ಇದ್ದಾಗ ಮಾತ್ರ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ‘20’ ಗೆರೆಯವರೆಗೆ ಎಳೆದರೆ ಒಳಗೆ ಬರುವುದು ಅರ್ಧ ಮಿಲಿ, ಅದರಲ್ಲಿ ಇರುವುದು 50 ಯೂನಿಟ್. ಎರಡೂವರೆ ಪಟ್ಟು! ಸಕ್ಕರೆ ಪಾತಾಳಕ್ಕೆ ಇಳಿದು ಬೆವರು, ನಡುಕ, ಪ್ರಜ್ಞೆ ತಪ್ಪುವುದು, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ತಿರುಗಾಮುರುಗಾ ಆದರೆ, ಅಂದರೆ 40ರ ಬಾಟಲಿಗೆ ಕಿತ್ತಳೆ ಮುಚ್ಚಳದ ಸಿರಿಂಜ್ ಬಳಸಿದರೆ, ‘20’ ಗೆರೆಗೆ ಸಿಗುವುದು 8 ಯೂನಿಟ್. ಆಗ ಸಕ್ಕರೆ ಇಳಿಯುತ್ತಿಲ್ಲ ಅಂತ ಡೋಸ್ ಏರಿಸುತ್ತಾ ಹೋಗುತ್ತಾರೆ, ಒಂದು ದಿನ ಮೆಡಿಕಲ್ ಶಾಪಿನವನು ಸರಿಯಾದ ಸಿರಿಂಜ್ ಕೊಟ್ಟ ಕೂಡಲೇ ಏರಿಸಿದ ಡೋಸೆಲ್ಲಾ ಒಟ್ಟಿಗೆ ಕೆಲಸ ಮಾಡುತ್ತದೆ.

ಆದ್ದರಿಂದ ಬಾಟಲಿಯ ಮೇಲಿನ ‘40’ ಅಥವಾ ‘100’ ನೋಡಿ, ಸಿರಿಂಜಿನ ಮೇಲೂ ಅದೇ ಸಂಖ್ಯೆ ಇದೆಯಾ ನೋಡಿ. ಪೆನ್ ಕೈಕೊಟ್ಟಿತು ಅಂತ ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಳೆಯುವ ಜಾಣತನ ಬೇಡ. ಮನೆಯಲ್ಲಿ ಎರಡು ಬಗೆಯ ಸಿರಿಂಜ್ ಒಟ್ಟಿಗೆ ಇಡಲೇಬೇಡಿ.

ಕೆಲಸದ ಲೆಕ್ಕದಲ್ಲಿ ಅಳೆಯುವ ಈ ಪದ್ಧತಿ ಬೇರೆ ಔಷಧಿಗಳಲ್ಲೂ ಇದೆ. ಅದಕ್ಕೆ ಅಂತರರಾಷ್ಟ್ರೀಯ ಯೂನಿಟ್, ಐಯು ಅನ್ನುತ್ತಾರೆ. ಬೆಂಗಳೂರಿನ ಐಟಿ ಮಂದಿಯಲ್ಲಿ ಅರ್ಧಕ್ಕರ್ಧ ಜನ ನುಂಗುತ್ತಿದ್ದಾರೇನೋ ಅನ್ನಿಸುವ ವಾರಕ್ಕೊಂದು ವಿಟಮಿನ್ ಡಿ ಗುಳಿಗೆಯ ಮೇಲೆ 60,000 ಐಯು ಅಂತ ಇರುತ್ತದೆ. ಸಂಖ್ಯೆ ನೋಡಿ ಗಾಬರಿಯಾಗುತ್ತದೆ, ಆದರೆ ತೂಕ 1.5 ಮಿಲಿಗ್ರಾಂ. ಡಿ ವಿಟಮಿನ್ನಿನ 40 ಐಯು ಅಂದರೆ 1 ಮೈಕ್ರೋಗ್ರಾಂ. ಎ ವಿಟಮಿನ್ನಿನ ಐಯು ಬೇರೆ, ಇ ವಿಟಮಿನ್ನಿನದು ಇನ್ನೂ ಬೇರೆ. ರುಮ್ಯಾಟಿಕ್ ಜ್ವರ ಬಂದವರಿಗೆ ಕೊಡುವ ಪೆನಿಸಿಲಿನ್ ಇಂಜೆಕ್ಷನ್ 12 ಲಕ್ಷ ಯೂನಿಟ್. ಒಂದರ ಐಯು ಸಂಖ್ಯೆಯನ್ನು ಇನ್ನೊಂದರ ಜೊತೆ ಹೋಲಿಸಿ ಇದು ಸ್ಟ್ರಾಂಗು, ಅದು ವೀಕು ಅನ್ನುವುದು ಸುಮ್ನೆ ಕಾಲಹರಣ.

ಕುಡಿತಕ್ಕೂ ಯೂನಿಟ್ ಇದೆ. ಇದು ಬ್ರಿಟನ್‌ನವರ ಅಳತೆ, 10 ಮಿಲಿ ಶುದ್ಧ ಆಲ್ಕೋಹಾಲ್‌ಗೆ ಒಂದು ಯೂನಿಟ್. ವಾರಕ್ಕೆ 14 ದಾಟಬೇಡಿ ಅನ್ನುತ್ತದೆ ಅಲ್ಲಿನ ಸರ್ಕಾರದ ಸಲಹೆ. ಇಂಟರ್‌ನೆಟ್ಟಿನಲ್ಲಿ ಇದನ್ನು ಓದಿದ ನಮ್ಮವರು ಒಂದು ಪೆಗ್ ಅಂದರೆ ಒಂದು ಯೂನಿಟ್ ಅಂದುಕೊಂಡು ಖುಷಿಯಾಗುತ್ತಾರೆ. 42.8 ಪರ್ಸೆಂಟ್‌ನ ವಿಸ್ಕಿ 60 ಮಿಲಿ ಹಾಕಿಕೊಂಡರೆ ಅದು ಎರಡೂವರೆ ಯೂನಿಟ್. 5 ಪರ್ಸೆಂಟ್‌ನ 650 ಮಿಲಿ ಬಿಯರ್ ಬಾಟಲಿ ಮೂರೂಕಾಲು. 8 ಪರ್ಸೆಂಟ್‌ನ ಸ್ಟ್ರಾಂಗ್ ಆದರೆ 5.2. ಖುಷಿ ಅಲ್ಲಿಗೆ ಮುಗಿಯಿತು.

ದುಡ್ಡಿನ ಯೂನಿಟ್‌ಗೆ ಬಂದರೆ ಒಂದೇ ಒಂದು ತಪ್ಪು ಕಲ್ಪನೆಯನ್ನು ಬಿಡಿಸಬೇಕು. 1964ರಲ್ಲಿ ಯೂನಿಟ್ ಟ್ರಸ್ಟ್ ಆಫ್ ಇಂಡಿಯಾ ತನ್ನ ಮೊದಲ ಯೋಜನೆ ತಂದಾಗಿನಿಂದ ಮ್ಯೂಚುವಲ್ ಫಂಡಿನ ಒಂದು ಪಾಲಿಗೆ ನಮ್ಮಲ್ಲಿ ಯೂನಿಟ್ ಅನ್ನುತ್ತೇವೆ. ಅದರ ಆ ದಿನದ ಬೆಲೆಯೇ ಎನ್‌ಎವಿ. ‘ಈ ಫಂಡಿನ ಎನ್‌ಎವಿ 20 ರೂಪಾಯಿ, ಆ ಫಂಡಿನದು 500, ಇದೇ ಅಗ್ಗ, ಜಾಸ್ತಿ ಯೂನಿಟ್ ಸಿಗುತ್ತದೆ’ ಅನ್ನುವ ಮಾತು ಮದುವೆ ಮನೆಯ ಪಂಕ್ತಿಯಲ್ಲೂ ಕೇಳಿಬರುತ್ತದೆ. 10,000 ರೂಪಾಯಿ ಹಾಕಿದರೆ ಒಂದರಲ್ಲಿ 500 ಯೂನಿಟ್, ಇನ್ನೊಂದರಲ್ಲಿ 20. ಎರಡೂ ಶೇಕಡಾ 10 ಬೆಳೆದರೆ ಎರಡರಲ್ಲೂ 11,000. ಯೂನಿಟ್ ಎಷ್ಟಿದೆ ಅನ್ನುವುದು ಏನನ್ನೂ ಹೇಳುವುದಿಲ್ಲ. ಸರ್ಕಾರದ ಚಿನ್ನದ ಬಾಂಡಿನಲ್ಲಿ ಮಾತ್ರ ಇದು ಸರಳ, ಒಂದು ಯೂನಿಟ್‌ಗೆ ಒಂದು ಗ್ರಾಂ.

ಮನೆ ಕಟ್ಟುವವರಿಗೆ ಇನ್ನೊಂದು ಇದೆ. ಹೊಸೂರು, ಕೃಷ್ಣಗಿರಿ ಕಡೆಯ ಲಾರಿಯವರು ಮರಳು, ಜಲ್ಲಿಯನ್ನು ಯೂನಿಟ್ ಲೆಕ್ಕದಲ್ಲಿ ಹೇಳಿದರೆ ಅದು 100 ಘನ ಅಡಿ. ನಮ್ಮ ಮೇಸ್ತ್ರಿ ಲೋಡ್ ಲೆಕ್ಕ ಹೇಳುತ್ತಾನೆ, ಕ್ರಷರ್‌ನವರು ಟನ್ ಲೆಕ್ಕ ಹೇಳುತ್ತಾರೆ. ಮೂರನ್ನೂ ಘನ ಅಡಿಗೆ ತಂದು ಆಮೇಲೆ ಚೌಕಾಸಿ ಮಾಡಿ. ಮನೆ ಮುಗಿದ ಮೇಲೆ ಕಾರ್ಪೆಂಟರ್ ಹೇಳುವ ಟಿವಿ ಯೂನಿಟ್, ಕ್ರಾಕರಿ ಯೂನಿಟ್ ಬರೀ ಮರದ ಕಪಾಟು. ಬಿಲ್ಡರ್‌ನ ಯೂನಿಟ್ ಅಂದರೆ ಒಂದು ಫ್ಲ್ಯಾಟ್, ಅದು ಒಂದು ಬೆಡ್‌ರೂಮಿನದಾದರೂ ಯೂನಿಟ್ಟೇ, ನಾಲ್ಕರದಾದರೂ ಯೂನಿಟ್ಟೇ. ಸಾಫ್ಟ್‌ವೇರ್‌ನವರ ಯೂನಿಟ್ ಟೆಸ್ಟ್ ಅಂದರೆ ಕೋಡಿನ ಒಂದು ಪುಟ್ಟ ತುಂಡನ್ನು ಬೇರೆ ಇಟ್ಟು ಪರೀಕ್ಷೆ ಮಾಡುವುದು. ಅವರ ಮಕ್ಕಳ ಯೂನಿಟ್ ಟೆಸ್ಟ್ ಬೇರೆ, ಅದಕ್ಕೆ ರಾತ್ರಿ ಹತ್ತರವರೆಗೆ ಅಮ್ಮ ಪಕ್ಕದಲ್ಲಿ ಕೂತಿರಬೇಕು.

ಇಲ್ಲಿಯವರೆಗೆ ಬಂದಿದ್ದು ಹೆಚ್ಚಾಗಿ ಎಣಿಸುವ, ಅಳೆಯುವ ಯೂನಿಟ್. ಇನ್ನೊಂದು ಇಡೀ ಗುಂಪೇ ಇದೆ, ಅಲ್ಲಿ ಯೂನಿಟ್ ಅಂದರೆ ದೊಡ್ಡ ಸಂಸ್ಥೆಯ ಒಂದು ತುಂಡು. ಕನ್ನಡ ಇವೆರಡನ್ನೂ ಬೇರೆ ಮಾಡಿಟ್ಟಿದೆ. ಭೌತಶಾಸ್ತ್ರದ ಪುಸ್ತಕದಲ್ಲಿ ಏಕಮಾನ, ಸಂಸ್ಥೆಗೆ ಬಂದರೆ ಘಟಕ. ಬಿಎಂಟಿಸಿಯ ಡಿಪೋಗಳಿಗೆ ಘಟಕ ಅಂತಲೇ ಹೆಸರು, ಪ್ರತಿ ಘಟಕಕ್ಕೂ ಒಂದು ಸಂಖ್ಯೆ. ಪಕ್ಷಗಳ ಯುವ ಘಟಕ, ಆಸ್ಪತ್ರೆಯ ತೀವ್ರ ನಿಗಾ ಘಟಕ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಘಟಕ ಎಲ್ಲಾ ಇದೇ ಕುಟುಂಬ. ಸಿನಿಮಾದವರ ಯೂನಿಟ್ ಸ್ವಲ್ಪ ವಿಚಿತ್ರ. ಒಮ್ಮೆ ಅದು ಇಡೀ ಚಿತ್ರತಂಡ, ಇನ್ನೊಮ್ಮೆ ಬಾಡಿಗೆಗೆ ತರಿಸುವ ಲೈಟು, ಕ್ರೇನು ಮತ್ತು ಅವನ್ನು ನೋಡಿಕೊಳ್ಳುವ ಹುಡುಗರು. ‘ಯೂನಿಟ್ ಬಂದಿಲ್ಲ’ ಅಂದಾಗ ಹೀರೋ ಬಂದು ಕಾಫಿ ಕುಡಿಯುತ್ತಾ ಕೂತಿರಬಹುದು.

ಈ ಗುಂಪಿನಲ್ಲಿ ಜನಸಾಮಾನ್ಯರಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಸರ್ಕಾರಿ ಬೋಧನಾ ಆಸ್ಪತ್ರೆಗಳ ಯೂನಿಟ್. ವಿಕ್ಟೋರಿಯಾ, ಬೌರಿಂಗ್ ಥರದ ದೊಡ್ಡ ಆಸ್ಪತ್ರೆಗಳಲ್ಲಿ ಮೆಡಿಸಿನ್, ಸರ್ಜರಿಯಂಥ ವಿಭಾಗದಲ್ಲಿ ಹಲವು ಯೂನಿಟ್ ಇರುತ್ತವೆ. ಒಂದೊಂದು ಯೂನಿಟ್‌ಗೆ ಒಬ್ಬ ಮುಖ್ಯಸ್ಥ, ಅವರ ಕೈಕೆಳಗೆ ಡಾಕ್ಟರುಗಳು, ಪಿಜಿ ವಿದ್ಯಾರ್ಥಿಗಳು, ಒಂದಷ್ಟು ಹಾಸಿಗೆ. ಪ್ರತಿ ಯೂನಿಟ್‌ಗೂ ವಾರದಲ್ಲಿ ಬೇರೆ ಬೇರೆ ಓಪಿಡಿ ದಿನ. ಮೊದಲ ಸಲ ನೀವು ಹೋದ ದಿನ ಯಾವ ಯೂನಿಟ್ ಇತ್ತೋ ನೀವು ಅವರ ರೋಗಿ. ಮುಂದಿನ ಸಲ ಬೇರೆ ದಿನ ಹೋದರೆ ಅಲ್ಲಿ ಬೇರೆ ಡಾಕ್ಟರುಗಳಿರುತ್ತಾರೆ, ನಿಮ್ಮ ಕಥೆ ಮೊದಲಿಂದ ಹೇಳಬೇಕು, ಇಲ್ಲವೇ ‘ನಿಮ್ಮ ಯೂನಿಟ್ ದಿನ ಬನ್ನಿ’ ಅಂತ ವಾಪಸ್ ಕಳಿಸುತ್ತಾರೆ. ತುಮಕೂರಿನಿಂದ, ಕೋಲಾರದಿಂದ ಬೆಳಗಿನ ಬಸ್ ಹಿಡಿದು ಬಂದವರಿಗೆ ಇದು ಒಂದು ದಿನದ ಕೂಲಿಯ ಪ್ರಶ್ನೆ. ಓಪಿಡಿ ಚೀಟಿಯ ಮೇಲೆ ಯೂನಿಟ್‌ನ ಸಂಖ್ಯೆಯನ್ನೋ ಮುಖ್ಯಸ್ಥರ ಹೆಸರನ್ನೋ ಬರೆದಿರುತ್ತಾರೆ. ಕಾಣಿಸದಿದ್ದರೆ ಹೊರಗೆ ಬರುವ ಮೊದಲೇ ಸಿಸ್ಟರ್ ಹತ್ತಿರ ‘ನಮ್ಮದು ಯಾವ ಯೂನಿಟ್ ಅಕ್ಕಾ, ವಾರದಲ್ಲಿ ಯಾವ ದಿನ’ ಅಂತ ಕೇಳಿ, ಚೀಟಿಯ ಮೇಲೇ ಬರೆಸಿಕೊಳ್ಳಿ.